ಡ್ರಮ್ಮಕ್ಕ ಹುರಿದ ಮೂರು ಹದ

ನಮ್ಮತ್ತೆಯ ವಿಷಯ ಎತ್ತಿದರೆ ಸಾಕು, ಕೇಳಿದವರು ತಲೆಯನ್ನು ಒಂದು ಕಡೆ ವಾಲಿಸಿ "ಅಯ್ಯೋ ಪಾಪ" ಎನ್ನುತ್ತಾರೆ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ, ಆ ಮಾತು ಇಲ್ಲಿ ಬೇಡ. ಪಾಪ ಎನ್ನಿಸಿಕೊಳ್ಳುವ ಹೆಂಗಸಲ್ಲ ಅವಳು. ಬೇಕಿದ್ದರೆ ಅವಳನ್ನು ಎದುರು ಹಾಕಿಕೊಂಡವರನ್ನು ನೋಡಿ ಪಾಪ ಎನ್ನಿ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಕಾಫಿ ಬೀಜ ಹುರಿಯುವುದು ಅವಳ ಕಸುಬು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಟೈರ್ ಅಂಗಡಿಗೂ ಬೀಗದ ಅಂಗಡಿಗೂ ನಡುವೆ, ರೈಲು ಡಬ್ಬಿಯಂತೆ ಉದ್ದಕ್ಕೆ ಒಳಗೆ ಹೋಗುವ ಕಟ್ಟಡ. ಮುಂದೆ ಮಾರಾಟದ ಕೌಂಟರ್, ನಡುವೆ ಕೆಟ್ಟ ಬೀಜ ಆರಿಸುವ ಮೇಜು, ಅದರ ಪಕ್ಕ ನಾನು ಕೂತು ಪ್ಯಾಕೆಟ್ ತುಂಬುವ ಸ್ಟೂಲು, ಎಲ್ಲಕ್ಕಿಂತ ಹಿಂದೆ ಹುರಿಯುವ ಡ್ರಮ್. ಇಪ್ಪತ್ತಾರು ವರ್ಷ ಅದರ ಮುಂದೆ ನಿಂತದ್ದಕ್ಕೆ ಓಣಿಯವರು ಅವಳಿಗೆ ಡ್ರಮ್ಮಕ್ಕ ಎಂದು ಹೆಸರಿಟ್ಟಿದ್ದರು. ಅವಳ ಮೈಕಟ್ಟೂ ಅದಕ್ಕೆ ಕಾರಣ ಎಂದು ಕೆಲವರು ಹೇಳುತ್ತಿದ್ದರು, ಆದರೆ ಅವಳ ಎದುರಿಗಲ್ಲ. ಅವಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು.

ಅಲ್ಲಿ ಹುರಿಯುತ್ತಿದ್ದುದು ಬರೀ ಅರೇಬಿಕಾ. ಹಸಿ ಬೀಜಕ್ಕೆ ಬೂದು ಮೆತ್ತಿದಂಥ ಹಸಿರು ಬಣ್ಣ, ಮೂಸಿದರೆ ಗೋಣಿಚೀಲದ ವಾಸನೆ ಬಿಟ್ಟು ಇನ್ನೇನೂ ಇಲ್ಲ. ಡ್ರಮ್ಮಿನ ಶಾಖ ತಾಗಿದ ಮೇಲೆ ಮೊದಲು ಒಣಹುಲ್ಲಿನ ವಾಸನೆ ಬರುತ್ತದೆ, ಬಣ್ಣ ಹಳದಿಗೆ ತಿರುಗಿದಾಗ ಬ್ರೆಡ್ ಬೇಯುವ ವಾಸನೆ. ಆಮೇಲೆ ಕಂದು. ಆಗ ಒಣಕಡ್ಡಿ ಮುರಿದ ಹಾಗೆ ಬೀಜ ಪಟಪಟನೆ ಸಿಡಿಯುತ್ತದೆ. ಇದು ಮೊದಲ ಸಿಡಿತ. ಅದು ತಗ್ಗುವ ಹೊತ್ತಿಗೆ ಇಳಿಸಿದರೆ ಲೈಟ್. ಅಲ್ಲಿಂದ ಇನ್ನೊಂದೆರಡು ನಿಮಿಷ ಬಿಟ್ಟರೆ ಮೀಡಿಯಂ. ಹಾಗೇ ಬಿಟ್ಟರೆ ಎರಡನೆಯ ಸಿಡಿತ ಶುರುವಾಗುತ್ತದೆ. ಅದು ತೀರಾ ತೆಳು, ಚಿಟಚಿಟ ಎನ್ನುತ್ತದಷ್ಟೆ. ಆಗ ಬೀಜದ ಮೈಮೇಲೆ ಎಣ್ಣೆ ಜಿನುಗುತ್ತದೆ, ಅದು ಡಾರ್ಕ್. ಅಲ್ಲಿಂದ ಅರ್ಧ ನಿಮಿಷ ಮೈಮರೆತರೆ ಇದ್ದಿಲು.

"ಲೈಟಲ್ಲಿ ಬೀಜ ಮಾತಾಡುತ್ತೆ," ಎನ್ನುತ್ತಿದ್ದಳು ಅತ್ತೆ. "ಮೀಡಿಯಮ್ಮಲ್ಲಿ ಬೀಜ, ಬೆಂಕಿ ಎರಡೂ ಮಾತಾಡುತ್ವೆ. ಡಾರ್ಕಲ್ಲಿ ಬರೀ ಬೆಂಕಿ. ಬೀಜದ ಬಾಯಿ ಮುಚ್ಚಿಸಿರ್ತೀವಿ."

ಈ ಇಡೀ ವಿದ್ಯೆಯನ್ನು ಅವಳು ಕಿವಿಯಿಂದಲೇ ನಡೆಸುತ್ತಿದ್ದಳು. ಡ್ರಮ್ಮಿಗೆ ಗಡಿಯಾರ ಇತ್ತು, ಶಾಖ ತೋರಿಸುವ ಮುಳ್ಳೂ ಇತ್ತು. ಎರಡರ ಕಡೆಗೂ ಅವಳು ತಿರುಗಿ ನೋಡಿದವಳಲ್ಲ. ಮೊದಲ ಸಿಡಿತ ಕೇಳಿಸಿದ ಕೂಡಲೇ ಬೆರಳು ಮಡಿಸಿ ಎಣಿಸಲು ಶುರು ಮಾಡುತ್ತಿದ್ದಳು, ಲೆಕ್ಕ ತುಂಬಿದಾಗ ಡ್ರಮ್ಮಿನ ಬಾಗಿಲು ತೆರೆದು ಬೀಜ ಇಳಿಸುತ್ತಿದ್ದಳು, ಅಷ್ಟೆ.

ಎಡವಟ್ಟು ಆದದ್ದೂ ಅಲ್ಲೇ. ಅದನ್ನು ಮೊದಲು ಕಂಡವಳು ನಾನು, ಅದೂ ಪ್ಯಾಕೆಟ್ಟಿನಲ್ಲಿ. ಬೀಜ ಹುರಿದಷ್ಟೂ ಊದುತ್ತದೆ, ಊದಿದಷ್ಟೂ ಹಗುರಾಗುತ್ತದೆ. ಕಾಲು ಕಿಲೋ ಲೈಟ್ ತುಂಬಿದರೆ ಪ್ಯಾಕೆಟ್ಟಿನ ಬಾಯಿಯನ್ನು ಮೂರು ಸುತ್ತು ಮಡಿಸಬಹುದಿತ್ತು. ಒಂದು ವಾರ ಅದು ಎರಡೇ ಸುತ್ತಿಗೆ ಬಂತು. ಮುಂದಿನ ತಿಂಗಳು ಒಂದೂವರೆ. ತಕ್ಕಡಿ ಸರಿಯಾಗಿತ್ತು, ಪ್ಯಾಕೆಟ್ಟೂ ಹಳೆಯದೇ. ಲೈಟ್ ಎಂಬ ಚೀಟಿಯ ಕೆಳಗೆ ಮೀಡಿಯಂ ಬೀಜ ಕೂತಿತ್ತು, ಮೀಡಿಯಂ ಚೀಟಿಯ ಕೆಳಗೆ ಡಾರ್ಕ್.

ಅತ್ತೆಯನ್ನು ಕೇಳಿದರೆ ಬೀಜವನ್ನೇ ಬೈದಳು. "ಈ ಸಲದ ಬೀಜ ಸರಿಯಾಗಿ ಸಿಡಿಯೋದೇ ಇಲ್ಲ. ಎಲ್ಲೋ ನಾಲ್ಕು ಸದ್ದು ಬರೋ ಹೊತ್ತಿಗೆ ಸಾಕುಸಾಕಾಗುತ್ತೆ."

ಹದಿನೈದು ಅಡಿ ದೂರದಲ್ಲಿ ಕೂತ ನನಗೆ ಆ ಸಿಡಿತ ಚೆನ್ನಾಗಿ ಕೇಳಿಸುತ್ತಿತ್ತು. ಡ್ರಮ್ಮಿಗೆ ಮುಖ ಕೊಟ್ಟು ನಿಂತ ಅವಳಿಗೆ ಕೇಳಿಸುತ್ತಿರಲಿಲ್ಲ. ಸಿಡಿತ ಜೋರಾದ ಮೇಲೆ ಅವಳು ಎಣಿಸಲು ಶುರು ಮಾಡುತ್ತಿದ್ದಳು, ಅಷ್ಟೊತ್ತಿಗೆ ಬೀಜ ಒಂದು ಹೆಜ್ಜೆ ಮುಂದೆ ಹೋಗಿರುತ್ತಿತ್ತು.

ಹೇಳಬೇಕಿತ್ತು. ಹೇಳಲಿಲ್ಲ. ಮೂರು ತಿಂಗಳು ನಾನು ಪ್ಯಾಕೆಟ್ಟುಗಳನ್ನು ಮೇಜಿಗೆ ಕುಟ್ಟಿ, ಅಂಗೈಯಿಂದ ಒತ್ತಿ, ಬಾಯಿಗೆ ಎರಡೆರಡು ಸಲ ಅಂಟು ಹಚ್ಚಿ ಮುಚ್ಚಿದೆ. ಅವಳ ಮೇಲಿನ ಪ್ರೀತಿ ಎಂದುಕೊಂಡಿದ್ದೆ. ಅರ್ಧ ಪ್ರೀತಿ, ಅರ್ಧ ಪುಕ್ಕಲುತನ. ಬೆಕ್ಕಿಗೆ ಗಂಟೆ ಕಟ್ಟಲು ನನಗೆ ಧೈರ್ಯ ಬರಲಿಲ್ಲ.

ಗಂಟೆ ಕಟ್ಟಿದವನು ಎದುರು ಸಾಲಿನ ಟೈಲರಣ್ಣ. ವಾರಕ್ಕೊಂದು ಪ್ಯಾಕೆಟ್ ಲೈಟ್ ಒಯ್ಯುವ ಗಿರಾಕಿ. ಆ ದಿನ ತೆರೆದ ಪ್ಯಾಕೆಟ್ಟನ್ನು ತಂದು ಕೌಂಟರಿನ ಮೇಲಿಟ್ಟ.

"ನಾನು ಲೈಟ್ ಕುಡಿಯೋದೇ ಅದರ ಹುಳಿಗೋಸ್ಕರ," ಎಂದ. "ಅದು ಕಾಣೆಯಾಗಿ ಮೂರು ತಿಂಗಳಾಯ್ತು. ಚೀಟಿ ಲೈಟ್ ಅನ್ನುತ್ತೆ, ನಾಲಿಗೆ ಅಲ್ಲ ಅನ್ನುತ್ತೆ. ಯಾರನ್ನ ನಂಬಲಿ ಹೇಳಿ."

ಕೌಂಟರಿನಲ್ಲಿದ್ದವರು ಚಿಕ್ಕ ಯಜಮಾನರು. ಅವರ ತಂದೆ ಅಂಗಡಿ ಬಿಟ್ಟುಕೊಟ್ಟ ಮೇಲೆ ಎರಡು ವರ್ಷದಿಂದ ನಡೆಸುತ್ತಿದ್ದರು. ಕೆಟ್ಟವರಲ್ಲ, ಆದರೆ ಯಾವ ಮಾತನ್ನೂ ಅಡ್ಡಗೋಡೆಯ ಮೇಲಿನ ದೀಪದಂತೆ ಇಡುವ ಜನ. ಪ್ಯಾಕೆಟ್ ಹಿಡಿದು ಹಿಂದಕ್ಕೆ ಬಂದು, ಬೆನ್ನು ತಿರುಗಿಸಿ ನಿಂತಿದ್ದ ಅತ್ತೆಯನ್ನು "ಅಕ್ಕಾ" ಎಂದು ಕರೆದರು. ಮತ್ತೆ ಕರೆದರು. ಮೂರನೆಯ ಸಲ ಓಣಿಗೇ ಕೇಳಿಸುವಷ್ಟು ಜೋರಾಗಿ. ಕೊನೆಗೆ ಭುಜ ಮುಟ್ಟಿದರು. ಅತ್ತೆ ಬೆಚ್ಚಿದಳು, ಬೀಜ ತೆಗೆದು ನೋಡುವ ಕಬ್ಬಿಣದ ಉದ್ದ ಚಮಚ ಅವಳ ಕೈಯಿಂದ ಜಾರಿ ನೆಲಕ್ಕೆ ಬಿದ್ದು ಠಣಾರೆಂದು ಸದ್ದಾಯಿತು. ನಾವಿಬ್ಬರೂ ನೆಲ ನೋಡಿದೆವು. ಅವಳು ನೋಡಲಿಲ್ಲ. ಅವಳ ಕಿವಿ ಮಂದವಾಗಿದೆಯೆಂದು ಆಗ ಯಜಮಾನರಿಗೂ ಗೊತ್ತಾಯಿತು, ಅವಳಿಗೂ.

"ಅಕ್ಕ, ಇಷ್ಟು ವರ್ಷ ನಿಂತೇ ದುಡಿದಿದ್ದೀರಿ," ಎಂದು ಯಜಮಾನರು ಎದುರಿಗೆ ಬಂದು ಬಿಡಿಸಿ ಬಿಡಿಸಿ ಹೇಳಿದರು. "ಇನ್ನು ಕೂತು ಮಾಡೋ ಕೆಲಸ ನೋಡೋಣ. ಆರಿಸೋ ಮೇಜಿದೆಯಲ್ಲ. ಸಂಬಳ ಏನೂ ಕಮ್ಮಿ ಆಗಲ್ಲ."

"ಕಲ್ಲು ಆರಿಸೋಕಾ?"

"ಕಲ್ಲು, ಕೊಳೆತ ಬೀಜ, ಒಡೆದ ಬೀಜ."

"ನನ್ನನ್ನೂ ಅದರ ಜೊತೆ ಆರಿಸಿ ಪಕ್ಕಕ್ಕಿಡ್ತಿದ್ದೀರಿ ಅನ್ನಿ," ಎಂದಳು ಅತ್ತೆ. ಬಗ್ಗಿ ಚಮಚ ಎತ್ತಿಕೊಂಡಳು. "ಮುಂದಿನ ಸೋಮವಾರದವರೆಗೆ ಡ್ರಮ್ಮಿಗೆ ಯಾರೂ ಕೈ ಹಚ್ಚಬಾರದು. ಸೋಮವಾರ ನೀವೇ ರುಚಿ ನೋಡಿ ಹೇಳಿ."

ಸಂಜೆ ಮನೆಗೆ ಹೋದ ಮೇಲೆ ಅವಳು ನನ್ನನ್ನು ಅಡುಗೆಮನೆಯ ದೀಪದ ಕೆಳಗೆ ಕೂರಿಸಿದಳು, ನನ್ನ ತುಟಿ ಕಾಣಲಿ ಎಂದು. ಎಷ್ಟು ದಿನದಿಂದ ಗೊತ್ತಿತ್ತು ಎಂದು ಕೇಳಿದಳು. ಮೂರು ತಿಂಗಳು ಎಂದೆ. ಪ್ಯಾಕೆಟ್ ಕುಟ್ಟಿದ್ದು, ಒತ್ತಿದ್ದು, ಅಂಟು ಹಚ್ಚಿದ್ದು ಎಲ್ಲ ಹೇಳಿದೆ. ನಿನ್ನ ಕೆಲಸ ಹೋಗಬಾರದು ಅಂತ, ಎಂದು ಅಳುತ್ತಲೇ ಸೇರಿಸಿದೆ.

"ನನ್ನ ಕಿವಿ ಹೋಗಿದ್ದಕ್ಕೆ ನನಗೆ ಸಿಟ್ಟಿಲ್ಲ ಕಣೇ," ಎಂದಳು. "ವಯಸ್ಸು, ಡ್ರಮ್ಮಿನ ಗದ್ದಲ, ಹೋಗುತ್ತೆ. ನಿನ್ನ ಬಾಯಿ ಎಲ್ಲಿ ಹೋಗಿತ್ತು? ಜನ ಮೂರು ತಿಂಗಳು ನನ್ನ ಹೆಸರಲ್ಲಿ ಕರಕಲು ಕುಡಿದರಲ್ಲ."

ಅಷ್ಟು ನಾಚಿಕೆ ನನಗೆ ಹಿಂದೆ ಯಾವತ್ತೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಮರುದಿನದಿಂದ ಅವಳು ಅಕ್ಷರ ಕಲಿಯುವವಳ ಹಾಗೆ ಶುರು ಮಾಡಿದಳು. ಒಂದು ಹಿಡಿ, ಎರಡು ಹಿಡಿ ಬೀಜ ಹಾಕಿ ಹುರಿದಳು. ಚಮಚವನ್ನು ನಿಮಿಷಕ್ಕೆ ಹತ್ತು ಸಲ ಹೊರಗೆಳೆದು ಮೂಸಿದಳು. ಮೊದಲ ಸಿಡಿತದ ಹೊತ್ತಿಗೆ ಬ್ರೆಡ್ಡಿನ ವಾಸನೆ ಕಳೆದು ಮೂಗಿಗೆ ಚುರುಕ್ಕೆನ್ನುವ ಒಂದು ಹುಳಿ ವಾಸನೆ ಬರುತ್ತದೆ. ಅದು ಸಕ್ಕರೆ ಕರಗಿದ ವಾಸನೆಗೆ ತಿರುಗುವಷ್ಟರಲ್ಲಿ ಮೀಡಿಯಂ ಹತ್ತಿರ ಬಂದಿರುತ್ತದೆ. ಬೀಜದ ಮೈಮೇಲಿನ ಸುಕ್ಕು ಬಿಚ್ಚಿಕೊಳ್ಳುವುದನ್ನು ಬೆಳಕಿಗೆ ಹಿಡಿದು ನೋಡಿದಳು. ಇಪ್ಪತ್ತಾರು ವರ್ಷ ನೋಡದ ಶಾಖದ ಮುಳ್ಳನ್ನೂ ಒರೆಸಿ ನೋಡಿದಳು. "ಕಿವಿ ಇದ್ದಾಗ ಇವನ್ನೆಲ್ಲ ಯಾರು ಕೇಳ್ತಿದ್ರು," ಎಂದು ಗೊಣಗಿದಳು. ನಾನು ಪಕ್ಕ ನಿಂತು ಸಿಡಿತ ಬಂದಾಗ ಕೈ ಎತ್ತುತ್ತೇನೆ ಎಂದದ್ದಕ್ಕೆ, ಚಮಚ ತೋರಿಸಿ ಸ್ಟೂಲಿಗೆ ಓಡಿಸಿದಳು.

ಸೋಮವಾರ ಬೆಳಗ್ಗೆ ಯಜಮಾನರು ಬಂದರು. ಅತ್ತೆಯೇ ಹೇಳಿ ಕಳಿಸಿದ್ದರಿಂದ ಟೈಲರಣ್ಣನೂ ಕತ್ತಿಗೆ ಅಳತೆ ಟೇಪು ಹಾಕಿಕೊಂಡೇ ಬಂದ. ಅವರಿಬ್ಬರ ಎದುರಿಗೆ ಅತ್ತೆ ಹತ್ತಿಯನ್ನು ನೀರಲ್ಲಿ ಅದ್ದಿ, ಹಿಂಡಿ, ಉಂಡೆ ಮಾಡಿ ಒಂದು ಕಿವಿಗೆ ತುರುಕಿಕೊಂಡಳು.

"ಹತ್ತಿ ಯಾಕಕ್ಕ?" ಎಂದರು ಯಜಮಾನರು.

"ಇನ್ನೂ ಅರ್ಧ ಕೇಳಿಸುತ್ತೆ. ಆ ಅರ್ಧದ ಹಂಗು ನನಗೆ ಬೇಡ. ನಾಳೆ ಅದೂ ಹೋದ್ಮೇಲೆ ನೀವು ಮತ್ತೊಂದು ಸಲ ಭುಜ ತಟ್ಟೋದೂ ಬೇಡ." ಇನ್ನೊಂದು ಕಿವಿಯನ್ನೂ ಮುಚ್ಚಿಕೊಂಡಳು.

ಒಂದೇ ಮೂಟೆಯ ಬೀಜ, ಮೂರು ಸಲ. ಮೊದಲನೆಯದರಲ್ಲಿ ಸಿಡಿತ ಶುರುವಾದಾಗ ನನ್ನ ಕೈ ತಾನಾಗಿ ಮೇಲೇಳಲು ಹೋಯಿತು, ಅದನ್ನು ತೊಡೆಯ ಕೆಳಗೆ ಒತ್ತಿಕೊಂಡೆ. ಅತ್ತೆ ಚಮಚ ಎಳೆದು ಮೂಸಿದಳು, ಒಳಗೆ ತಳ್ಳಿದಳು, ಎಳೆದಳು, ಬಾಗಿಲು ತೆರೆದಳು. ತಣಿಸುವ ತಟ್ಟೆಗೆ ಬಿದ್ದ ಬೀಜ ತಿಳಿಗಂದು, ಮೈಯೆಲ್ಲ ಒಣ. ಎರಡನೆಯದನ್ನು ಸುಕ್ಕು ಬಿಚ್ಚಿ ಮೈ ನುಣುಪಾಗುವವರೆಗೆ ಕಾದು ಇಳಿಸಿದಳು. ಮೂರನೆಯದರಲ್ಲಿ ಹೊಗೆ ಎದ್ದಿತು. ಹೊಗೆಯಲ್ಲಿ ಯಾವ ವಾಸನೆಯೂ ಬೇರೆಯಾಗಿ ತಿಳಿಯುವುದಿಲ್ಲ, ಬಣ್ಣವೂ ಒಂದು ಕಪ್ಪಿನಿಂದ ಇನ್ನೊಂದು ಕಪ್ಪಿಗೆ ಹೋಗುವುದರಿಂದ ಕಣ್ಣಿಗೂ ಸಿಕ್ಕುವುದಿಲ್ಲ. ಚಿಟಚಿಟ ಶುರುವಾಯಿತು. ಚಿಟಚಿಟ ದಟ್ಟವಾಯಿತು, ಅವಳು ಇನ್ನೂ ಮೂಸುತ್ತಿದ್ದಳು. ಬಾಗಿಲು ತೆರೆದಾಗ ತಡವಾಗಿತ್ತು.

ಹೊಸದಾಗಿ ಹುರಿದ ಬೀಜ ಒಂದು ದಿನ ಕೂತರೆ ರುಚಿ ಪೂರ್ತಿ ಬಿಡುತ್ತದೆ, ಆದರೆ ಹದ ತಿಳಿಯಲು ಅಷ್ಟು ಕಾಯಬೇಕಿಲ್ಲ. ನಾನು ಮೂರನ್ನೂ ಪುಡಿ ಮಾಡಿ, ಮೂರು ಲೋಟಕ್ಕೆ ಬಿಸಿನೀರು ಹೊಯ್ದು ಇಟ್ಟೆ. ಟೈಲರಣ್ಣ ಮೊದಲನೆಯದನ್ನು ಚಮಚದಲ್ಲಿ ಸೊರ್ರೆಂದು ಹೀರಿ ಕಣ್ಣು ಮುಚ್ಚಿದ.

"ಬಂತು," ಎಂದ. "ಕಿತ್ತಳೆ ಕಚ್ಚಿದ ಹಾಗಿದೆ. ಹಿಂದಿನಿಂದ ಏನೋ ಹೂವಿನ ವಾಸನೆ. ನೀರು ತೆಳ್ಳಗಿದ್ದರೂ ಬಾಯಿ ತುಂಬುತ್ತೆ."

ಎರಡನೆಯದನ್ನು ಯಜಮಾನರು ಕುಡಿದರು. ಹುಳಿ ಹಿಂದೆ ಸರಿದು, ಕರಗಿಸಿದ ಸಕ್ಕರೆಯ ಸಿಹಿ ಮುಂದೆ ಬಂದಿತ್ತು, ಹುರಿದ ಬಾದಾಮಿಯಂಥ ಘಮ. ಅವರು ಒಂದು ಚಮಚದಲ್ಲಿ ನಿಲ್ಲಿಸದೆ ಲೋಟವನ್ನೇ ಎತ್ತಿಕೊಂಡರು. ತಂದೆಯ ಕಾಲದ್ದೇ ಇದು ಎಂದು ನನಗೆ ಮಾತ್ರ ಕೇಳಿಸುವ ಹಾಗೆ ಹೇಳಿದರು.

ಮೂರನೆಯ ಲೋಟಕ್ಕೆ ಅವರು ಕೈ ಚಾಚುವ ಮೊದಲೇ ಅತ್ತೆ ಅದನ್ನು ತನ್ನ ಕಡೆಗೆ ಎಳೆದುಕೊಂಡು ಒಂದು ಗುಟುಕು ಕುಡಿದಳು. ಮುಖ ಹಿಂಡಿಕೊಳ್ಳಲಿಲ್ಲ. ಲೋಟವನ್ನು ಮೋರಿಗೆ ಚೆಲ್ಲಿದಳು.

"ಇದು ಬೂದಿ," ಎಂದಳು. ಕಿವಿ ಮುಚ್ಚಿದ್ದರಿಂದ ಅವಳ ದನಿ ಬೀದಿಗೆ ಕೇಳಿಸುವಷ್ಟು ದೊಡ್ಡದಾಗಿತ್ತು. "ಡಾರ್ಕ್ ಹುರಿಯೋಕೆ ಕಿವಿ ಬೇಕು. ನನಗಿಲ್ಲ. ಅದನ್ನ ಒಪ್ಪಿಕೊಳ್ಳೋಕೆ ನನಗೇನೂ ನಾಚಿಕೆ ಇಲ್ಲ. ಆದರೆ ಉಳಿದೆರಡು ನನ್ನ ಹಾಗೆ ಹುರಿಯೋರನ್ನ ಕರೆದುಕೊಂಡು ಬನ್ನಿ, ಆವತ್ತೇ ಹೋಗಿ ಕಲ್ಲು ಆರಿಸ್ತೀನಿ. ಅಲ್ಲಿವರೆಗೆ ಬೆಳಗ್ಗೆ ಡ್ರಮ್ ನನ್ನದು, ಲೈಟು, ಮೀಡಿಯಮ್ಮು. ಮಧ್ಯಾಹ್ನ ಬೇರೆ ಯಾರನ್ನಾದ್ರೂ ಇಟ್ಟು ಡಾರ್ಕ್ ಹುರಿಸ್ಕೊಳ್ಳಿ. ಮೂರು ತಿಂಗಳು ಸುಳ್ಳು ಚೀಟಿ ಹಚ್ಚಿದ ಬೀಜ ಒಯ್ದವರು ಬಂದ್ರೆ, ಬದಲಿ ನಾನೇ ಹುರಿದು ಕೊಡ್ತೀನಿ, ಭಾನುವಾರ ಬಂದು."

ಯಜಮಾನರು ಕೈಯಲ್ಲಿದ್ದ ಲೋಟವನ್ನು ನೋಡಿದರು, ಮೋರಿಯನ್ನು ನೋಡಿದರು. "ಅಲ್ಲ ಅಕ್ಕ, ಒಂದೇ ಡ್ರಮ್ಮಿಗೆ ಇಬ್ಬರು ಅಂದ್ರೆ ಹೇಗೆ. ನೋಡೋಣ. ನಾಲ್ಕು ದಿನ ಯೋಚನೆ ಮಾಡಿ ಹೇಳ್ತೀನಿ," ಎಂದರು.

ಅತ್ತೆ ಅವರ ತುಟಿಯನ್ನು ಕೊನೆಯವರೆಗೂ ನೋಡಿದಳು. ದೀಪದ ಕೆಳಗೆ ನನ್ನ ಮಾತನ್ನೆಲ್ಲ ತುಟಿಯಿಂದಲೇ ಓದಿದವಳು ಅವಳು. ಆಮೇಲೆ ಕೈಯನ್ನು ಕಿವಿಯ ಹತ್ತಿರ ಒಯ್ದು, ಹತ್ತಿ ಇನ್ನೂ ಅಲ್ಲೇ ಇದೆಯೆಂದು ಮುಟ್ಟಿ ನೋಡಿಕೊಂಡಳು.

"ಏನು ಹೇಳಿದ್ರೋ ಕೇಳಿಸಲಿಲ್ಲ ಯಜಮಾನ್ರೇ. ಆಗಲಿ ಅಂದ್ರಿ ಅಂತ ತಿಳ್ಕೋತೀನಿ."

ಟೈಲರಣ್ಣ ಟೇಪಿನ ತುದಿ ಬಾಯಿಗಿಟ್ಟುಕೊಂಡು ನಗು ತಡೆದ. ಯಜಮಾನರು ನನ್ನ ಕಡೆ ತಿರುಗಿದರು, ನೀನಾದರೂ ಬಿಡಿಸಿ ಹೇಳು ಎಂಬಂತೆ. ನಾನು ಸ್ಟೂಲಿನಿಂದ ಎದ್ದು, ಹಸಿ ಬೀಜದ ಬಕೆಟ್ ತುಂಬಿ, ಅತ್ತೆಯ ಕೈಗೆ ಕೊಟ್ಟೆ. ಅವರು ಹೇಳದೇ ಇದ್ದ ಆ ಮಾತಿನ ಮೇಲೆ ನಾಲ್ಕು ವರ್ಷದಿಂದ ನಮ್ಮ ಅಂಗಡಿ ನಡೆಯುತ್ತಿದೆ.