ಕುಂಟು ಮಗ್ಗದ ಗೋಡೆ

ಈಗಲೂ ಮನೆಯಲ್ಲಿ ಮಿಕ್ಸರ್ ತಟ್ಟನೆ ನಿಂತರೆ ನಾನು ಅಡುಗೆಮನೆಗೆ ಓಡುತ್ತೇನೆ. ಸೊಸೆ ನಗುತ್ತಾಳೆ. ನಗಲಿ. ಅವಳು ಆ ಗೋಡೆಯ ಪಕ್ಕ ಕೂತವಳಲ್ಲ.

ನಮ್ಮ ಶಾಲೆ ನಡೆಯುವುದು ಸೊಲ್ಲಾಪುರದಲ್ಲಿ, ಮಾವನವರು ಮುಚ್ಚಿದ ಮಗ್ಗದ ಶೆಡ್ಡಿನಲ್ಲಿ. ಅಕ್ಕಲಕೋಟೆ ತಾಲ್ಲೂಕಿನ ದುಧನಿಯ ಅಡತಿ ಅಂಗಡಿಯವರ ಮಗಳು ನಾನು. ಮಗ್ಗದ ಕೂಲಿಕಾರರ ಮಕ್ಕಳಿಗೆ ಅಕ್ಷರ ಕಲಿಸಲು ಹೊರಟಾಗ ತವರಿನವರು, "ಇಕಿ ತಲಿ ಕೆಟ್ಟೈತಿ" ಎಂದಿದ್ದರು. ಶೆಡ್ಡಿನ ಒಂದು ಗೋಡೆಯಾಚೆ ಬೇರೆಯವರ ಟವೆಲ್ ಕಾರ್ಖಾನೆ ಇನ್ನೂ ನಡೆಯುತ್ತಿದೆ. ದಿನವಿಡೀ ಖಟಖಟ. ಪಾಠವನ್ನು ನಾನು ಹೇಳುವುದಿಲ್ಲ, ಒದರುತ್ತೇನೆ.

ಆ ಹುಡುಗಿ ಸೇರಿದಾಗ ಏಳೆಂಟು ವರ್ಷದವಳಿರಬೇಕು. ನನ್ನ ಕಡೆ ನೋಡದೆ, ಅಂಗೈಯನ್ನು ಆ ಗೋಡೆಗೆ ಒತ್ತಿಕೊಂಡು ಕೂರುತ್ತಿದ್ದಳು. ಕರೆದರೆ ತಿರುಗುತ್ತಿರಲಿಲ್ಲ. ಮೊದಲೇ ನನಗೆ ಮೂಗಿನ ತುದಿಯಲ್ಲಿ ಸಿಟ್ಟು. "ಎಂಥಾ ಹಟಮಾರಿ ಪೋರಿ ಇದು!" ಎಂದು ಬೈಯುತ್ತಲೇ ಇದ್ದೆ. ಒಂದು ದಿನ ಅವಳ ಬೆನ್ನ ಹಿಂದೆ ಖಿಚಡಿ ಬೇಯಿಸುವ ಪಾತೇಲಿಯ ಮುಚ್ಚಳ ಬಿತ್ತು. ಅವಳ ರೆಪ್ಪೆಯೂ ಅಲುಗಲಿಲ್ಲ. ಗೋಡೆಯಾಚೆ ಕೆಲಸ ಮಾಡುತ್ತಿದ್ದ ಅವಳ ಅವ್ವನನ್ನು ಕರೆಸಿದೆ.

ಅವ್ವ ಬೋರಾಮಣಿ ಕಡೆಯವಳು. ಗಂಡ ಸತ್ತ ಮೇಲೆ ಅವನ ಮಗ್ಗಕ್ಕೆ ತಾನೇ ನಿಂತಿದ್ದಳು.

"ಕಿವುಡಿ? ನನ್ನ ಮಗಳಾ?" ಎಂದು ನನ್ನ ಮೇಲೇ ಹರಿಹಾಯ್ದಳು. "ಕಾಯ್ ಟೀಚರಬಾಯಿ, ಏನರೆ ಮಾತಾಡ್ತೀರಿ! ನಾ ಹೇಳಿದ್ದೆಲ್ಲಾ ತಿಳೀತೈತ್ರಿ ಅಕಿಗಿ. ಮಾತು ಬರ್ತಾವ್ರಿ ಮುಂದ. ಅವರಪ್ಪನೂ ಮಾತಾಡೂದು ಕಮ್ಮೀನ ಇತ್ತು."

ಅವಳಿಗೆ ಹೇಗೆ ಹೇಳುತ್ತೀ ಎಂದೆ. ಕೈ ಎತ್ತಿ ತೋರಿಸಿದಳು. ಬೆರಳು ಕೂಡಿಸಿದರೆ 'ಊಟ', ಎರಡೂ ಅಂಗೈ ತಿರುವಿದರೆ 'ಸಾಕು, ನಡೆ'. ಮಗ್ಗದವರಲ್ಲಿ ಇದು ರೂಢಿ. ಆ ಗದ್ದಲದಲ್ಲಿ ಬಾಯಿಯ ಮಾತು ನಡೆಯುವುದಿಲ್ಲ, ಎಲ್ಲರೂ ಕೈಯಲ್ಲೇ ಮಾತಾಡುತ್ತಾರೆ. ಮಗ್ಗದ ಪಕ್ಕದ ಜೋಳಿಗೆ ತೊಟ್ಟಿಲಲ್ಲಿ ಬೆಳೆದ ಕೂಸು ಕಿವುಡೆಂದು ಯಾರಿಗೂ ಹೊಳೆದಿರಲಿಲ್ಲ.

ದವಾಖಾನೆಯವರು ಹುಟ್ಟುಗಿವುಡು ಎಂದರು. ಅವ್ವ ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಇರ್ಲಿ ತಗೋರ್ರಿ. ಕೈ ಅದಾವಲ್ಲ ನನಗ" ಎಂದಳು.

ಗೋಡೆಯ ಗುಟ್ಟನ್ನೂ ಅವಳೇ ಹೇಳಿದಳು. ಅವಳದು ಹಳೆಯ ಮಗ್ಗ. ಒಂದು ಏಟು ಗಟ್ಟಿ, ಒಂದು ಮೆತ್ತಗೆ, ಕುಂಟುತ್ತ ನಡೆಯುತ್ತಿತ್ತು. ಅಷ್ಟು ಮಗ್ಗಗಳ ನಡುವೆ ಆ ಕುಂಟನ್ನು ಮಗಳ ಅಂಗೈ ಗುರುತಿಸುತ್ತಿತ್ತು. ನಾನೂ ಕೈ ಇಟ್ಟು ನೋಡಿದೆ. ಬರೀ ಗೋಡೆ ನಡುಗುತ್ತಿತ್ತು.

ಒಂದು ಮಧ್ಯಾಹ್ನ ಖಿಚಡಿ ಬಡಿಸುತ್ತಿದ್ದೆ. ಅವಳ ಒಂದು ಕೈ ತಟ್ಟೆಯಲ್ಲಿ, ಒಂದು ಗೋಡೆಯ ಮೇಲೆ. ಇದ್ದಕ್ಕಿದ್ದಂತೆ ಕಿರುಚಿದಳು. ಅವಳ ದನಿ ನಾವು ಕೇಳಿದ್ದು ಅದೇ ಮೊದಲು. ಅದು ನನ್ನನ್ನು ಇನ್ನೂ ಬಿಟ್ಟಿಲ್ಲ. ತಟ್ಟೆ ಒದ್ದು ಕಾರ್ಖಾನೆಗೆ ಓಡಿದಳು, ಹಿಂದೆ ನಾನು. ಉಳಿದ ಮಗ್ಗಗಳೆಲ್ಲ ನಡೆದೇ ಇದ್ದವು. ಮೂಲೆಯಲ್ಲಿ ಅವ್ವನದು ಮಾತ್ರ ಏಟಿನ ನಡುವೆಯೇ ಗಕ್ಕನೆ ನಿಂತಿತ್ತು. ಅವಳ ಬಲಗೈ ಮೋಟಾರಿನ ಪಟ್ಟಿಗೂ ಗಾಲಿಗೂ ನಡುವೆ ಸಿಕ್ಕಿತ್ತು. ಬಿಡಿಸಿಕೊಳ್ಳಲು ಹೋಗಿ ಎಡಗೈ ಬೆರಳುಗಳೂ ಜಜ್ಜಿದ್ದವು. ಬಾಯಿ ತೆರೆದು ಕೂಗುತ್ತಿದ್ದಳು; ಕಿವಿ ಇದ್ದ ಒಬ್ಬರಿಗೂ ಕೇಳಿರಲಿಲ್ಲ.

ಜೀವ ಉಳಿಯಿತು. ಬಲಗೈ ಮಣಿಕಟ್ಟಿನವರೆಗೆ ಹೋಯಿತು, ಎಡಗೈಯ ಬೆರಳುಗಳು ಸೆಟೆದವು. ಆಸ್ಪತ್ರೆಯಲ್ಲಿ ಮಗಳು ಅವ್ವನ ಮುಖ ನೋಡಲಿಲ್ಲ. ಬ್ಯಾಂಡೇಜುಗಳನ್ನೇ ನೋಡುತ್ತ, ಅವು ಏನಾದರೂ ಹೇಳಲೆಂದು ಕಾದಳು. ಅವ್ವ ಆ ಬಿಳಿ ಗಂಟುಗಳನ್ನು ಸ್ವಲ್ಪ ಎತ್ತಿದಳು, ಕೆಳಗಿಟ್ಟಳು.

"ಬಾಯಾರ, ಇನ್ನ ನಾ ಅಕಿ ಜೋಡಿ ಹ್ಯಾಂಗ ಮಾತಾಡ್ಲಿರಿ?"

ಮಾತಿನ ಮಲ್ಲಿ ನಾನು, ಅವಳ ಕಾಲು ಹಿಡಿದು ಅತ್ತೆ.

ಆ ಮಗ್ಗ ಗುಜರಿಗೆ ಹೋಯಿತು. ಅವ್ವ ಈಗ ದಿನವೂ ಶಾಲೆಗೆ ಬಂದು ಮಗಳ ಪಕ್ಕ ಕೂರುತ್ತಾಳೆ. ಮಗಳು ಮಾತ್ರ ಗೋಡೆಗೆ ಅಂಗೈ ಒತ್ತಿ, ಇಲ್ಲದ ಮಗ್ಗವನ್ನು ಹುಡುಕುತ್ತಲೇ ಇದ್ದಳು. ಅಯ್ಯೋ ಕೂಸೇ, ಅವ್ವ ಇಲ್ಲೇ ಇದ್ದಾಳಲ್ಲೇ ಎಂದು ಎಷ್ಟು ಸನ್ನೆ ಮಾಡಿದರೂ ಕೈ ತೆಗೆಯುತ್ತಿರಲಿಲ್ಲ.

ಮೊನ್ನೆ ಅವ್ವ ಸರಿದು ಕೂತು ತನ್ನ ಮೊಂಡುಗೈಯಿಂದ ಗೋಡೆ ಬಡಿದಳು. ಒಂದು ಏಟು ಗಟ್ಟಿ, ಒಂದು ಮೆತ್ತಗೆ. ಮತ್ತೆ ಗಟ್ಟಿ, ಮತ್ತೆ ಮೆತ್ತಗೆ. ಹುಡುಗಿ ಬೆಚ್ಚಿ ತಿರುಗಿ, ಅವ್ವನ ಮುಖ ನೋಡಿದಳು.