ಒಮ್ಮೆ ಕೇಳಿದ್ದು

ಅಗಸಿ ಬೀಜ ಅರೆಯುವ ದಿನ ಮಿಲ್ಲಿನ ವಾಸನೆಯೇ ಬೇರೆ. ಶೇಂಗಾಕ್ಕೆ ಹುರಿದ ಹಿತ ಇರುತ್ತದೆ, ಕುಸುಬಿಗೆ ಇದ್ದೂ ಇಲ್ಲದಂಥ ತೆಳು ವಾಸನೆ. ಅಗಸಿ ಮಾತ್ರ ಆಗಷ್ಟೇ ಸೀಳಿದ ಕಟ್ಟಿಗೆಯ ಹಾಗೆ ಮೂಗಿನ ಮೇಲ್ತುದಿಗೆ ಹೋಗಿ ಕೂತುಬಿಡುತ್ತದೆ, ಸಂಜೆ ಸ್ನಾನ ಮಾಡಿದರೂ ಇಳಿಯುವುದಿಲ್ಲ. ಕಮಲಾಪುರದ ಈ ಎಣ್ಣೆ ಮಿಲ್ಲು ನನ್ನ ಅಪ್ಪ ಹಾಕಿದ್ದು. ಅವನು ನಿಲ್ಲುತ್ತಿದ್ದ ಜಾಗದಲ್ಲೇ ನಾನು ನಿಲ್ಲುತ್ತೇನೆ, ಅವನು ತಿರುಗಿಸುತ್ತಿದ್ದ ಗಾಲಿಯನ್ನೇ ತಿರುಗಿಸುತ್ತೇನೆ. ಹಾಗಿದ್ದ ಮೇಲೆ ಆ ವಾಸನೆಗೆ ಅಪ್ಪ ನೆನಪಾಗಬೇಕು. ಆಗುವುದು ಬೇರೆಯೇ: ಸಮುದ್ರದ ಗಾಳಿ ಹೊಡೆಯುವ ಒಂದು ಊರು, ಅಲ್ಲೊಂದು ಕೆಂಪು ಇಟ್ಟಿಗೆಯ ಮನೆ, ನಿಚ್ಚಣಿಕೆಯ ಮೇಲೆ ನಿಂತು ಕಿಟಕಿಯ ಚೌಕಟ್ಟಿಗೆ ಅರಿವೆಯಿಂದ ಅಗಸಿ ಎಣ್ಣೆ ತಿಕ್ಕುತ್ತಿರುವ ಒಬ್ಬ ಎತ್ತರದ ಮನುಷ್ಯ. ಅದು ಡೆನ್ಮಾರ್ಕ್ ದೇಶ. ಹದಿನಾರನೇ ವಯಸ್ಸಿನಲ್ಲಿ ನಾನು ಆ ಮನೆಯಲ್ಲಿ ಏಳು ತಿಂಗಳು ಮಗನ ಹಾಗೆ ಇದ್ದೆ. ನನ್ನ ಓದು ಹತ್ತನೇ ತರಗತಿಗೆ ಮುಗಿಯಿತು. ಅದಕ್ಕೆ ನಾಚಿಕೆಯಿಲ್ಲ, ನನ್ನ ಎಣ್ಣೆಯಲ್ಲಿ ಬೇರೆ ಎಣ್ಣೆ ಬೆರೆತಿದೆಯೆಂದು ಈ ತಾಲ್ಲೂಕಿನಲ್ಲಿ ಯಾರೂ ಹೇಳಲಾರರು. ಆದರೆ ಬರೆಯಲು ಕೂತರೆ ಮಾತು ಹಿಂದೆ ಮುಂದೆ ಆಗುತ್ತದೆ. ನಿಮಗೂ ಒಂದು ಮನೆ ಇದ್ದು ಈಗ ಇಲ್ಲವಾಗಿದ್ದರೆ, ನೀವು ಹೊಂದಿಸಿಕೊಂಡು ಓದುತ್ತೀರಿ ಅಂದುಕೊಂಡಿದ್ದೇನೆ.

ಆಗ ನಾವು ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯಲ್ಲಿದ್ದೆವು. ಅಪ್ಪ, ಅವ್ವ, ಅಪ್ಪನ ತಾಯಿ ಆಯಿ, ಅಪ್ಪನ ತಮ್ಮ ಕಾಕಾ, ಮತ್ತೆ ನಾನು. ಪಡಸಾಲೆಗೆ ಶಹಾಬಾದಿ ಕಲ್ಲಿನ ಫರ್ಶಿ. ಬೇಸಿಗೆ ಬಂತೆಂದರೆ ಮಧ್ಯಾಹ್ನ ಅದರ ಮೇಲೆ ನೀರು ಹೊಡೆದು, ಅದು ಆರುವ ಮೊದಲೇ ಬರಿಮೈಯಲ್ಲಿ ಮಲಗುತ್ತಿದ್ದೆವು. ಕಲ್ಲು ಬೆನ್ನಿನ ಬಿಸಿಯನ್ನೆಲ್ಲ ಹೀರಿಕೊಳ್ಳುತ್ತಿತ್ತು. ಅಪ್ಪ ದಿನಾ ಬೆಳಿಗ್ಗೆ ಬಸ್ಸಿಗೆ ಕಮಲಾಪುರಕ್ಕೆ ಹೋಗುತ್ತಿದ್ದ. ಸಂಜೆ ವಾಪಸ್ಸು ಬರುವಾಗ ಒಬ್ಬನೇ ಬಂದದ್ದು ಕಡಿಮೆ. ಕುಸುಬಿ ತಂದ ರೈತ, ಬಸ್ಸಿನಲ್ಲಿ ಪಕ್ಕ ಕೂತವನು, ಯಾರಾದರೊಬ್ಬರು ಜೊತೆಗಿರುತ್ತಿದ್ದರು. ಮಿಲ್ಲಿನ ಮಿಸ್ತ್ರಿ ಮೆಹಬೂಬ್ ಚಾಚಾ ವಾರಕ್ಕೆರಡು ಸಲವಾದರೂ ಇರುತ್ತಿದ್ದ. ಅವ್ವ ಜೋಳದ ರೊಟ್ಟಿ ಹಿಡಿದು ಬಂದರೆ ಎಲ್ಲರೂ ಬ್ಯಾಡ ಅನ್ನುವವರೇ. ಮೊದಲ ಬ್ಯಾಡಕ್ಕೆ ನಮ್ಮ ಮನೆಯಲ್ಲಿ ಕಿವಿಯೇ ಇರಲಿಲ್ಲ. ಎರಡನೆಯದಕ್ಕೆ ಅವ್ವ ಅರ್ಧ ರೊಟ್ಟಿಗೆ ಇಳಿಯುತ್ತಿದ್ದಳು. ಮೂರನೆಯ ಸಲ ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ಮಾತ್ರ ಬಂದವರಿಗೆ ನಿಜವಾಗಿ ಹೊಟ್ಟೆ ತುಂಬಿದೆ ಎಂದು ಅರ್ಥ. ಅಪ್ಪ ಅದನ್ನೂ ಒಪ್ಪುತ್ತಿರಲಿಲ್ಲ. "ಬ್ಯಾಡ ಅಂದ್ರ ಬಿಡ್ಲಾಕ ಇದೇನ್ ಹೋಟೆಲ್ ಅದಾ?" ಎಂದು ಕೈಗಳ ಸಂದಿಯಲ್ಲೇ ರೊಟ್ಟಿ ತೂರಿಸುತ್ತಿದ್ದ. ಮೆಹಬೂಬ್ ಚಾಚಾನ ಬಾಯಿ ನೈ ನೈ, ನಕ್ಕೋ ಎಂದು ತನ್ನ ಉರ್ದುವಿನಲ್ಲಿ ಬ್ಯಾಡ ಅನ್ನುತ್ತಿರುವಾಗಲೇ ಅವನ ತಾಟು ಮೆಲ್ಲಗೆ ಮುಂದಕ್ಕೆ ಸರಿಯುತ್ತಿತ್ತು. "ಮೆಹಬೂಬ್, ನಿನ್ ಬಾಯಿಗಷ್ಟ ಉರ್ದು ಬರ್ತದ, ನಿನ್ ತಾಟಿಗಿ ಕನ್ನಡ ಬರ್ತದ ನೋಡು," ಎಂದು ಅಪ್ಪ ನಗುತ್ತಿದ್ದ. ಅವನ ನಗು ಹೇಗಿತ್ತು ಎಂದು ಈಗ ಕೇಳಿಸಿಕೊಳ್ಳಲು ನೋಡಿದರೆ ಎಣ್ಣೆ ಹಿಂಡುವ ಎಕ್ಸ್‌ಪೆಲ್ಲರಿನ ಸದ್ದಷ್ಟೇ ಕೇಳುತ್ತದೆ.

ಊರಿನ ವ್ಯಾಪಾರಿಗಳ ಒಂದು ಕ್ಲಬ್ಬು ವರ್ಷಕ್ಕೊಬ್ಬ ಹುಡುಗನನ್ನು ಹೊರದೇಶಕ್ಕೆ ಕಳಿಸುತ್ತಿತ್ತು. ಅಲ್ಲಿ ಯಾರದೋ ಮನೆಯಲ್ಲಿ ಮನೆಯವನಾಗಿ ಇದ್ದು, ಅಲ್ಲಿಯ ಶಾಲೆಗೆ ಹೋಗಿ, ವರ್ಷ ತುಂಬಿದ ಮೇಲೆ ಮರಳಿ ಬರುವುದು. ಆ ಸಲ ಆಯ್ಕೆಯಾದವನು ಕೊನೆಗೆ ಹಿಂದೆ ಸರಿದ. ಹತ್ತನೇ ತರಗತಿಯಲ್ಲಿ ಇಂಗ್ಲಿಷಿಗೆ ನನಗೆ ಒಳ್ಳೆಯ ಅಂಕ ಬಂದಿದ್ದರಿಂದ ನಮ್ಮ ಹೆಡ್‌ಮಾಸ್ತರರು ನನ್ನ ಹೆಸರು ಹೇಳಿದರು. ಅಪ್ಪ ಆ ಸುದ್ದಿಯನ್ನು ಬಸ್ಸಿನ ಕಂಡಕ್ಟರನಿಗೂ ಹೇಳಿದ. "ನಮ್ ಶರಣು ಇಮಾನದಾಗ ಹೊಂಟಾನ್ರೀ." "ಹಂಗಾದ್ರ ನಿಮಗ್ಯಾಕ್ರೀ ಸಾವ್ಕಾರ್ರ ಈ ಬಸ್ಸು? ಕಮಲಾಪುರಕ್ಕೂ ಇಮಾನದಾಗೇ ಹೋಗ್ರಿ," ಎಂದನಂತೆ ಅವನು. ಆಯಿ ಮಾತ್ರ ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡು ಬುದ್ಧಿ ಹೇಳಿದಳು. "ಮಂದಿ ಮನಿ ಅದು, ತಮ್ಮಾ. ಏನರ ಕೊಡ್ಲಾಕ ಬಂದ್ರ ಒಮ್ಮಿಗೇ ಹೂಂ ಅನಬ್ಯಾಡ. ಉಣ್ಣಾಕ ಗತಿ ಇಲ್ಲದ ಮನಿಯಿಂದ ಬಂದಾನ ಅಂದ್ಕೋತಾರ. ನಮ್ಮ ಮರ್ಯಾದಿ ನಿನ್ ಕೈಯಾಗ ಅದ." ಅವ್ವ ರೊಟ್ಟಿಯ ಜೊತೆಗಿನ ಖಾರದ ಚಟ್ನಿಪುಡಿ, ಅಗಸಿ ಹಿಂಡಿ ಮತ್ತು ಶೇಂಗಾ ಹಿಂಡಿ, ಕುಟ್ಟಿ ಎರಡು ಡಬ್ಬಿ ತುಂಬಿದಳು. ಮರ್ಯಾದೆಯನ್ನೂ ಹಿಂಡಿಯನ್ನೂ ತೆಗೆದುಕೊಂಡು ನಾನು ಹೋದೆ.

ಅಲ್ಲಿ ಯೆನ್ಸ್ ಮತ್ತು ಕಿರ್ಸ್ಟೆನ್ ಎಂಬ ಗಂಡ ಹೆಂಡತಿಯ ಮನೆ. ಯೆನ್ಸ್ ಶಾಲೆಯೊಂದರಲ್ಲಿ ಮರಗೆಲಸ ಕಲಿಸುತ್ತಿದ್ದರು, ಕಿರ್ಸ್ಟೆನ್ ಗ್ರಂಥಾಲಯದಲ್ಲಿದ್ದರು. ಅವರ ಮಗಳು ಮದುವೆಯಾಗಿ ದೂರ ಹೋಗಿದ್ದಳು, ಅವಳ ಕೋಣೆಯೇ ನನ್ನದು. ಆರು ಗಂಟೆಗೆ ಊಟ. ನಡುವೆ ಒಂದು ಮೇಣದ ಬತ್ತಿ, ಒಂದು ಬೋಗುಣಿ ಬೇಯಿಸಿದ ಆಲೂಗಡ್ಡೆ, ನನಗೆಂದೇ ಬೇರೆ ಪಾತ್ರೆಯಲ್ಲಿ ಕಾಯಿಪಲ್ಯ. ಬೋಗುಣಿ ಕೈಯಿಂದ ಕೈಗೆ ಒಂದು ಸುತ್ತು ಬರುತ್ತಿತ್ತು. ಇನ್ನೂ ಬೇಕೇ ಎಂದು ಕಿರ್ಸ್ಟೆನ್ ಕೇಳುತ್ತಿದ್ದರು. ಬೇಡ ಅನ್ನಲು ಅವರಲ್ಲಿ "ನೈ ತಕ್" ಅನ್ನಬೇಕು. ನೈ ಎಂದರೆ ಬೇಡ, ತಕ್ ಎಂದರೆ ಅದಕ್ಕೊಂದು ಧನ್ಯವಾದ. ಕಲಬುರಗಿಯವನಿಗೆ ನೈ ಎಂಬ ಮಾತು ಕಲಿಸಬೇಕೇ? ಮೆಹಬೂಬ್ ಚಾಚಾ ನಮ್ಮ ಮನೆಯ ಪಡಸಾಲೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಹತ್ತು ಸಲ ಅನ್ನುತ್ತಿದ್ದದ್ದು ಅದೇ. ನಾನು ಸರಾಗವಾಗಿ ನೈ ತಕ್ ಎಂದು ಕಾಯುತ್ತಾ ಕೂರುತ್ತಿದ್ದೆ. ಬೋಗುಣಿ ಅಡುಗೆಮನೆಗೆ ಹೋಗಿಬಿಡುತ್ತಿತ್ತು. ನನ್ನ ಬೇಡ ಅವರಿಗೆ ಬೇಡವೇ. ಅದರೊಳಗೆ ಬೇರೆ ಅರ್ಥ ಹುಡುಕುವುದು ಅವರ ಪ್ರಕಾರ ಅಸಭ್ಯ. ಮೊದಲ ತಿಂಗಳು ಹಸಿದುಕೊಂಡೇ ಮಲಗುತ್ತಿದ್ದೆ, ಬಾಗಿಲು ಹಾಕಿಕೊಂಡು ಡಬ್ಬಿಯ ಹಿಂಡಿಯನ್ನು ಬೆರಳಿಗೆ ಹಚ್ಚಿಕೊಂಡು ನೆಕ್ಕುತ್ತಿದ್ದೆ. ನನ್ನ ಮುಖ ಸಣ್ಣದಾದದ್ದು ನೋಡಿ ಇವನಿಗೆ ನಮ್ಮ ಅಡುಗೆ ಸೇರುವುದಿಲ್ಲ ಎಂದು ಕಿರ್ಸ್ಟೆನ್ ಅಂದುಕೊಂಡಿದ್ದರು.

ಒಂದು ರವಿವಾರ ಯೆನ್ಸ್ ಕಿಟಕಿಗಳಿಗೆ ಎಣ್ಣೆ ತಿಕ್ಕುವಾಗ ನನಗೆ ಅಂಗಳದಲ್ಲೇ ಅಗಸಿಯ ವಾಸನೆ ಬಂತು. ಓಡಿ ಹೋಗಿ ಡಬ್ಬದಲ್ಲಿ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡೆ. ಯೆನ್ಸ್ ಗಾಬರಿಯಾಗಿ ನಿಚ್ಚಣಿಕೆಯಿಂದ ಇಳಿದೇಬಿಟ್ಟರು. ನಮ್ಮ ಅಪ್ಪ ಇದನ್ನೇ ತೆಗೆಯುತ್ತಾನೆ, ಇದರ ಬೀಜವನ್ನು ನಾವು ತಿನ್ನುತ್ತೇವೆ ಎಂದು ಹೇಳಿ ಹಿಂಡಿಯ ಡಬ್ಬಿ ತಂದೆ. ಅವರು ಬೆಣ್ಣೆ ಹಚ್ಚಿದ ಕರಿ ರೊಟ್ಟಿಯ ಮೇಲೆ ಅದನ್ನು ಧಾರಾಳವಾಗಿ ಉದುರಿಸಿಕೊಂಡು ತಿಂದು, ಕಣ್ಣಲ್ಲಿ ನೀರು ಸುರಿಯುತ್ತಾ, ಇನ್ನೂ ಬೇಕು ಎಂದರು. ಒಂದೇ ಸಲಕ್ಕೆ, ನಾನು ಕೇಳುವ ಮೊದಲೇ. ಆ ದಿನ ನನಗೆ ಬುದ್ಧಿ ಬಂತು. ರಾತ್ರಿಯ ಊಟಕ್ಕೆ ನಾನೂ "ಯಾ ತಕ್" ಎಂದೆ, ಬೇಕು ಎಂದೆ. ಕಿರ್ಸ್ಟೆನ್ ಬೋಗುಣಿಯನ್ನು ನನ್ನ ಮುಂದೆಯೇ ಇಟ್ಟುಬಿಟ್ಟರು. ಅಲ್ಲಿಂದ ಹೊಟ್ಟೆ ತುಂಬಾ ಉಂಡೆ, ಹಿಮದಲ್ಲಿ ಸೈಕಲ್ ಹೊಡೆಯಲು ಕಲಿತೆ, ಅವರ ಭಾಷೆಯಲ್ಲಿ ತಮಾಷೆ ಮಾಡುವಷ್ಟಾದೆ. ಆದರೆ ಆ ಪಾಠವನ್ನು ನಾನು ಊಟದ ಮಟ್ಟಿಗಷ್ಟೇ ಕಲಿತಿದ್ದೆ.

ಏಳನೇ ತಿಂಗಳು ಒಂದು ಬೆಳಿಗ್ಗೆ ಕಾಕಾನ ಫೋನು ಬಂತು. "ಶರಣು, ಗಾಬರಿ ಆಗಬ್ಯಾಡ. ಅಪ್ಪಗ ಲಕ್ವಾ ಹೊಡದದ. ದವಾಖಾನಿಗಿ ಹಾಕೀವಿ. ನೀ ಏನ್ ಬರೋದು ಬ್ಯಾಡ ಅಷ್ಟ ದೂರದಿಂದ. ನಾವದೀವಲ್ಲ." ನಮ್ಮವರ ಬ್ಯಾಡ ನನಗೆ ಗೊತ್ತಿಲ್ಲವೇ? ಬಾ ಎಂದೇ ಅದರ ಅರ್ಥ. ಫೋನು ಇಟ್ಟು ಅಡುಗೆಮನೆಯ ಮೇಜಿಗೆ ಬಂದು ಕೂತೆ. ಹೇಳಿದೆ. ಕಿರ್ಸ್ಟೆನ್ ಕೈಯೊರೆಸಿಕೊಂಡು ನನ್ನೆದುರಿಗೆ ಕೂತು, ನನ್ನ ಕಣ್ಣನ್ನೇ ನೋಡುತ್ತಾ, ಪ್ರತಿಯೊಂದು ಶಬ್ದವನ್ನೂ ಬಿಡಿಬಿಡಿಯಾಗಿ ಕೇಳಿದರು. "ಶರಣ್, ನೀನು ಮನೆಗೆ ಹೋಗಬೇಕಾ? ಹೂಂ ಅಂದರೆ ನಾಳೆಯೇ ಕಳಿಸುತ್ತೇವೆ."

ಹೂಂ ಎಂಬ ಮಾತು ಗಂಟಲಲ್ಲಿತ್ತು. ಆದರೆ ಅದು ಮೊದಲ ಸಲ ಕೇಳಿದ್ದು. ಪರರ ಮನೆಯವರು ಅಷ್ಟು ದೊಡ್ಡದನ್ನು ಕೊಡಲು ಬಂದಾಗ ಒಂದೇ ಮಾತಿಗೆ ಕೈ ಚಾಚುವುದು ಹೇಗೆ? ನಾನು ತಲೆ ತಗ್ಗಿಸಿ "ನೈ ತಕ್" ಎಂದೆ. ಇನ್ನೊಮ್ಮೆ ಕೇಳಲಿ ಎಂದು ಕಾದೆ. ಕಿರ್ಸ್ಟೆನ್ ನನ್ನ ಹೆಗಲ ಮೇಲೆ ಕೈಯಿಟ್ಟು, ಇದು ನಿನ್ನ ನಿರ್ಧಾರ, ನಾವು ಅದನ್ನು ಗೌರವಿಸುತ್ತೇವೆ ಎಂದು ಎದ್ದರು. ನಾನು ಕೋಣೆಗೆ ಹೋಗಿ ಅಂಗಿಗಳನ್ನೆಲ್ಲ ಕಪಾಟಿನಿಂದ ತೆಗೆದು, ಮಡಚಿ, ಹಾಸಿಗೆಯ ಮೇಲೆ ಸಾಲಾಗಿ ಇಟ್ಟು ಬಾಗಿಲು ತೆರೆದಿಟ್ಟೆ. ನೋಡಿದರೆ ತಿಳಿಯುತ್ತದೆ, ಮತ್ತೆ ಕೇಳುತ್ತಾರೆ. ಮಧ್ಯಾಹ್ನ ಅವರು ಬಂದು ನೋಡಿದರು. ಅಂಗಿಗಳನ್ನು ಎತ್ತಿಕೊಂಡು ಹೋಗಿ, ಇಸ್ತ್ರಿ ಮಾಡಿ ತಂದು, ಒಂದೊಂದಾಗಿ ಮತ್ತೆ ಕಪಾಟಿನಲ್ಲಿ ಜೋಡಿಸಿದರು.

ಒಂಬತ್ತನೇ ದಿನ ಕಾಕಾ ಮತ್ತೆ ಫೋನು ಮಾಡಿದ. ಅಪ್ಪ ಹೋದ. ಈ ಸಲ ಕಿರ್ಸ್ಟೆನ್ ಏನನ್ನೂ ಕೇಳಲಿಲ್ಲ, ಟಿಕೆಟ್ ಮಾಡಿಸಿದರು. ವಿಮಾನ ನಿಲ್ದಾಣದಲ್ಲಿ ಅವರು ಅತ್ತರು, ಯೆನ್ಸ್ ಅತ್ತರು. ನನಗೆ ಅಳು ಬರಲಿಲ್ಲ. ಖೂಬಾ ಪ್ಲಾಟಿನ ಮನೆಗೆ ಬಂದು ಮುಟ್ಟುವಷ್ಟರಲ್ಲಿ ಮಣ್ಣಾಗಿ, ಮೂರನೇ ದಿನದ ಪೂಜೆಯೂ ಆಗಿಹೋಗಿತ್ತು. ಫರ್ಶಿ ತೊಳೆದಿದ್ದರು. ಅವ್ವ ಕಂಬಕ್ಕೆ ಒರಗಿ ಕೂತಿದ್ದವಳು ಒಂದೇ ಮಾತು ಕೇಳಿದಳು. "ಅವ್ರು ನಿನಗ ಕಳಸ್ಲಿಲ್ಲೇನು?"

ಹದಿನಾರು ವರ್ಷದವನು ನಾನು. ಸುತ್ತ ಆಯಿ, ಕಾಕಾ, ಓಣಿಯ ಮಂದಿ. ಅವರು ಕಳಿಸುತ್ತೇವೆ ಎಂದರೂ ನಾನೇ ಬೇಡ ಅಂದೆ ಎಂದು ಹೇಳಲು ಬಾಯಿ ಏಳಲಿಲ್ಲ. "ಇಲ್ಲ," ಎಂದೆ.

ಅಷ್ಟು ಸಾಕಾಯಿತು. "ಎಂಥಾ ಕಲ್ಲು ಮನಸಿನಾಕಿ ಅದಾಳ ಆಕಿ," ಎಂದಳು ಆಯಿ. "ಮಂದಿ ಮಗ ಅಲ್ಲೇನು, ಆಕಿಗೇನಾಗಬೇಕಾಗ್ಯಾದ," ಎಂದ ಕಾಕಾ. ನಾನು ಕೇಳುತ್ತಾ ನಿಂತಿದ್ದೆ. ಕಾಲೇಜಿಗೆ ಹೋಗಲಿಲ್ಲ. ವಾರ ಕಳೆದ ಮೇಲೆ ಬಸ್ಸು ಹತ್ತಿ ಕಮಲಾಪುರಕ್ಕೆ ಹೋಗಿ ಮಿಲ್ಲಿನ ಕೀಲಿ ತೆಗೆದೆ. ಅಪ್ಪನ ಅಂಗಿ ಇನ್ನೂ ಮೊಳೆಗೆ ನೇತಾಡುತ್ತಿತ್ತು. ಮೆಹಬೂಬ್ ಚಾಚಾ ಯಂತ್ರದ ಪಟ್ಟಾ ಬಿಗಿಯುತ್ತಾ, ನನ್ನ ಕಡೆ ನೋಡದೆ ಕೇಳಿದ. "ಸಚ್ ಬೋಲ್ ಬೇಟಾ, ಪೂಛೇ ಕೀ ನೈ ಪೂಛೇ?" ಅವನಿಗೆ ಸುಳ್ಳು ಹೇಳಲಾಗಲಿಲ್ಲ. ಕೇಳಿದ್ದರು ಚಾಚಾ, ಮನೆಗೆ ಹೋಗಬೇಕಾ ಎಂದು ಒಂದೇ ಸಲ ಕೇಳಿದ್ದರು, ನಾನು ನೈ ಅಂದುಬಿಟ್ಟೆ ಎಂದೆ. ಅವನು ಪಟ್ಟಾ ಬಿಟ್ಟು ಎದ್ದು ನಿಂತ. "ಆಕಿ ತಪ್ಪೇನದನೋ ಹಂಗಾದ್ರ?" ಎಂದ, ಕನ್ನಡದಲ್ಲಿ. ಆಮೇಲೆ ಮೋಟಾರು ಹಾಕಿದ. ಆ ಮಾತು ಮತ್ತೆ ತೆಗೆಯಲಿಲ್ಲ, ಸಾಯುವವರೆಗೂ ಯಾರಿಗೂ ಹೇಳಲಿಲ್ಲ.

ಕಿರ್ಸ್ಟೆನ್ ವರ್ಷಕ್ಕೊಂದು ಕಾಗದ ಬರೆಯುತ್ತಿದ್ದರು. ಅವ್ವ ಅವುಗಳನ್ನು ಮುಟ್ಟುತ್ತಿರಲಿಲ್ಲ, ಬಾಗಿಲ ಹತ್ತಿರದ ಗೂಡಿನಲ್ಲಿ ಇಡಲು ಹೇಳುತ್ತಿದ್ದಳು. ಒಮ್ಮೆ ಅವರು, ನಾವಿಬ್ಬರೂ ನಿಮ್ಮ ಊರಿಗೆ ಬರಬೇಕೆಂದಿದ್ದೇವೆ, ನಿನ್ನ ತಾಯಿಯನ್ನು ನೋಡಬೇಕು, ಬರಬಹುದೇ ಎಂದು ಕೇಳಿ ಬರೆದರು. ಅವ್ವನಿಗೆ ಓದಿ ಹೇಳಿದೆ. "ಆಕಿ ಮುಖ ನಾ ನೋಡಲ್ಲ. ಬ್ಯಾಡ ಅಂತ ಬರಿ," ಎಂದಳು. ಬರೆದೆ. ನನ್ನ ಬೇಡವನ್ನು ಅವರು ಯಾವತ್ತಿನ ಹಾಗೆ ಬೇಡವೆಂದೇ ಓದಿಕೊಂಡರು. ಕೆಲವು ವರ್ಷದ ಮೇಲೆ ಯೆನ್ಸ್ ತೀರಿಕೊಂಡರು, ಇಟ್ಟಿಗೆಯ ಮನೆ ಬೇರೆಯವರದಾಯಿತು ಎಂದು ನಾಲ್ಕು ಸಾಲು ಬಂತು. ಆಮೇಲೆ ಕಾಗದ ಬರಲಿಲ್ಲ. ಇತ್ತ ಆಯಿ ಹೋದಳು, ಕಾಕಾ ಬೇರೆಯಾದ, ಖೂಬಾ ಪ್ಲಾಟಿನ ಮನೆ ಬಿದ್ದು ಆ ಜಾಗದಲ್ಲಿ ಮೂರಂತಸ್ತು ಎದ್ದಿತು. ಅಲ್ಲಿ ಹಾದು ಹೋಗುವಾಗ ಏನಾದರೂ ಅನಿಸುತ್ತದೆಯೇನೋ ಎಂದು ಗಾಡಿ ನಿಧಾನ ಮಾಡುತ್ತೇನೆ. ಏನೂ ಅನಿಸುವುದಿಲ್ಲ.

ಅವ್ವ ಕೊನೆಯ ದಿನಗಳನ್ನು ಕಮಲಾಪುರದಲ್ಲಿ, ಮಿಲ್ಲಿನ ಹಿಂದಿನ ಮನೆಯಲ್ಲಿ ಕಳೆದಳು. ಹೋದ ವರ್ಷ ಚಳಿಗಾಲದ ಒಂದು ಮಧ್ಯಾಹ್ನ, ಹೊರಗೆ ಬಿಸಿಲಿಗೆ ಹೊರಸು ಹಾಕಿ ಮಲಗಿಸಿದ್ದೆ. ಕಾಲು ಒತ್ತುತ್ತಾ ಕೂತಿದ್ದವನು ಇನ್ನು ತಡಮಾಡಬಾರದೆಂದು ಹೇಳಿದೆ. ಯವ್ವಾ, ಆ ಹೆಣ್ಣುಮಗಳು ನನ್ನನ್ನು ಕಳಿಸುತ್ತೇನೆ ಅಂದಿದ್ದಳು, ನಾನೇ ಬ್ಯಾಡ ಅಂದೆ, ನಿನಗೆ ನಾನು ಸುಳ್ಳು ಹೇಳಿದೆ ಎಂದೆ.

ಅವ್ವ ಕಣ್ಣು ಮುಚ್ಚಿಕೊಂಡೇ ಕೇಳಿದಳು. "ಎಷ್ಟ್ ಸಲ ಕೇಳಿದ್ಳು?"

"ಒಂದ್ ಸಲ."

"ಒಂದ ಸಲ?"

"ಹೂಂ."

"ಮನ್ಯಾಗ ತಂದಿ ಸಾಯ್ಲಾಕತ್ತಾನ, ಸಣ್ಣ ಹುಡುಗ ಬ್ಯಾಡ ಅಂದ್ರ ಬಿಟ್ಟೇ ಬಿಡಾದೇನು?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನನ್ನ ಮೇಲಂತೂ ಇರಲೇ ಇಲ್ಲ. ನನ್ನ ತಲೆಗೆ ಕೈಯಿಟ್ಟಳು. "ಒಮ್ಮಿ ಕೇಳಿದ್ರ ಕೇಳಿದಂಗೇನು, ಹುಚ್ಚ? ನೀ ಖರೇನೇ ಹೇಳಿದ್ದಿ. ಆಕಿ ಕಳಸ್ಲಿಲ್ಲ."

ನಾನು ಇನ್ನೂ ಹೇಳಬೇಕಿತ್ತು. ಅವರ ದೇಶದಲ್ಲಿ ಹಾಗಲ್ಲ, ಅಲ್ಲಿ ಒಮ್ಮೆ ಕೇಳುವುದೆಂದರೆ ಮನಸ್ಸಿಟ್ಟು ಕೇಳುವುದು, ಬೇಡ ಎಂದರೆ ಅದನ್ನು ನಂಬುವುದೇ ಅಲ್ಲಿಯ ಪ್ರೀತಿ ಎಂದು ಹೇಳಬೇಕಿತ್ತು. ಹೇಳಿದ್ದರೂ ಅವ್ವನಿಗೆ ಅದು ಮುಟ್ಟುತ್ತಿರಲಿಲ್ಲ. ಸುಮ್ಮನೆ ಕಾಲು ಒತ್ತಿದೆ. ತಿಂಗಳು ತುಂಬುವುದರೊಳಗೆ ಅವಳನ್ನು ಹೊಲದಲ್ಲಿ ಅಪ್ಪನ ಪಕ್ಕದಲ್ಲಿಟ್ಟೆವು. ನನ್ನನ್ನು ಪೂರ್ತಿ ಕ್ಷಮಿಸಿ ಹೋದಳು. ಆ ಹೆಣ್ಣುಮಗಳನ್ನು ಕ್ಷಮಿಸದೆ ಹೋದಳು. ಕಿರ್ಸ್ಟೆನ್ ಈಗ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ ತಿಳಿಯದು. ನಾವು ಇಷ್ಟು ವರ್ಷ ಅವರನ್ನು ಏನೆಂದುಕೊಂಡೆವು ಎಂಬುದೂ ಅವರಿಗೆ ತಿಳಿಯದು. ನಮ್ಮ ಮನೆಯಲ್ಲಿ ಅವರ ಪರವಾಗಿ ಹೇಳಬಲ್ಲವನು ನಾನೊಬ್ಬನೇ ಉಳಿದಿದ್ದೇನೆ, ಕೇಳಿಸಿಕೊಳ್ಳಬೇಕಾದವರು ಯಾರೂ ಉಳಿದಿಲ್ಲ. ಅದಕ್ಕೆ ನಿಮಗೆ ಹೇಳುತ್ತಿದ್ದೇನೆ. ಕಿರ್ಸ್ಟೆನ್ ನನ್ನನ್ನು ಕೇಳಿದ್ದರು.