ಅಟೆಂಡರಮ್ಮನ ಹತ್ತು ನಿಮಿಷ

ಹತ್ತೊಂಬತ್ತು ವರ್ಷ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆದಿಟ್ಟವಳನ್ನು ಎಲ್ಲರೂ ಅಟೆಂಡರಮ್ಮ ಎಂದೇ ಕರೆಯುತ್ತಿದ್ದರು. ಯಾರು ಏನು ಒಡೆದಿದ್ದಾರೆಂದು ಮುಖ ನೋಡಿಯೇ ಹೇಳಬಲ್ಲವಳು, ನಲವತ್ತನಾಲ್ಕನೇ ವಯಸ್ಸಿಗೆ ಅಲ್ಲಿಯ ಸಂಜೆ ತರಗತಿಗೇ ಸೇರಿದ್ದಳು.

ಶುಕ್ರವಾರ ತನ್ನ ಪ್ರಯೋಗವನ್ನು ಹತ್ತು ನಿಮಿಷದಲ್ಲಿ ತರಗತಿಯ ಮುಂದೆ ವಿವರಿಸಬೇಕಿತ್ತು. ಅಂಗಡಿಯ ವಿನೆಗರಿನಲ್ಲಿ ಆಮ್ಲ ಎಷ್ಟಿದೆ ಎಂಬುದು ಪ್ರಶ್ನೆ. ಐದು ಫ್ಲಾಸ್ಕಿಗೆ ಒಂದೇ ಅಳತೆಯ ವಿನೆಗರನ್ನೂ ಬಣ್ಣ ತೋರಿಸುವ ಸೂಚಕದ ಎರಡು ಹನಿಯನ್ನೂ ಹಾಕಿ, ಆಮ್ಲ ಮುಗಿದು ತಿಳಿಗುಲಾಬಿ ಬಣ್ಣ ಬರುವತನಕ ಬ್ಯುರೆಟ್ಟೆಂಬ ಅಳತೆಯ ಕೊಳವೆಯಿಂದ ಕ್ಷಾರ ಹನಿಸಿದ್ದಳು. ನಾಲ್ಕು ಫ್ಲಾಸ್ಕಿಗೆ ಹದಿನೆಂಟು ಎಂಎಲ್ ಬೇಕಾಯಿತು. ಒಂದಕ್ಕೆ ಮಾತ್ರ ಹದಿನಾರೇ ಸಾಕಾಗಿತ್ತು.

ಆ ಹದಿನಾರು ಅವಳನ್ನು ಕೂರಲೂ ಬಿಡಲಿಲ್ಲ, ನಿಲ್ಲಲೂ ಬಿಡಲಿಲ್ಲ. ಮನೆಯಲ್ಲಿ ಮಗಳು ಮೊಬೈಲಿನಲ್ಲಿ ಸಮಯ ನೋಡುತ್ತಿದ್ದರೆ, ಇವಳು ಅಡುಗೆಮನೆಗೂ ಹಾಲಿಗೂ ಓಡಾಡುತ್ತಲೇ ಒಪ್ಪಿಸುತ್ತಿದ್ದಳು.

"ಅಮ್ಮ, ಒಂದ್ಕಡೆ ನಿಂತ್ಕೊ. ನಂಗೆ ತಲೆ ತಿರುಗ್ತಿದೆ."

"ನಿಂತ್ರೆ ಎಲ್ಲಾ ಮರೆತುಹೋಗುತ್ತೆ ಕಣೆ."

"ಬಾಯಿಪಾಠ ಬೇಡಮ್ಮ. ಪಕ್ಕದ್ಮನೆಯವರ ಹತ್ರ ಮಾತಾಡೋ ಹಾಗೆ ಹೇಳು. ಏನು ತಿಳ್ಕೋಬೇಕಿತ್ತು, ಏನು ಮಾಡ್ದೆ, ಏನು ಸಿಕ್ತು, ಅಷ್ಟೇ."

"ಮತ್ತೆ ಆ ಹದಿನಾರು?"

"ಹದಿನೆಂಟು ಅಂತ ಬರೆದ್ಬಿಡು. ಎಲ್ರೂ ಮಾಡೋದೇ."

ಎಲ್ಲರೂ ಮಾಡುವುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ತಿದ್ದಿದ ಅಂಕಿಗಳ ಚೀಟಿಗಳನ್ನು ವರ್ಷಗಟ್ಟಲೆ ಗುಡಿಸಿದವಳು ಅವಳೇ. ತರಗತಿಗೆ ತೋರಿಸುವ ಚಾರ್ಟಿನಲ್ಲಿ ಉಳಿದ ಅಂಕಿಗಳನ್ನೆಲ್ಲ ಸ್ಕೆಚ್ ಪೆನ್ನಿನಲ್ಲಿ ಬರೆದು, ಅದೊಂದನ್ನು ಪೆನ್ಸಿಲಿನಲ್ಲಿ ಬರೆದಳು.

ಶುಕ್ರವಾರ ತನ್ನ ಸರದಿ ಬರುವ ಮೊದಲು ಕೈಗೆ ಕೆಲಸವಿಲ್ಲದೆ ಚಡಪಡಿಸಿ, ಲ್ಯಾಬಿನ ಸಿಂಕಿನ ಹತ್ತಿರ ಹೋಗಿ ನಿಂತಳು. ಅಲ್ಲಿ ತೊಳೆಯುವ ಸೋಡಾದ ಡಬ್ಬಿ ಕಣ್ಣಿಗೆ ಬಿತ್ತು. ಸೋಡಾ ಕೂಡ ಕ್ಷಾರವೇ. ಪ್ರಯೋಗದ ದಿನ ಅವಸರದಲ್ಲಿ ತಾನೇ ಫ್ಲಾಸ್ಕು ತೊಳೆದಿದ್ದಳು. ಒಂದನ್ನು ಸರಿಯಾಗಿ ಜಾಲಾಡಿಸಿರಲಿಲ್ಲವೇನೋ. ಒಳಗುಳಿದ ಸೋಡಾ ಒಂದಿಷ್ಟು ಆಮ್ಲವನ್ನು ಮೊದಲೇ ಮುಗಿಸಿದ್ದರೆ?

ಹೇಳಿದರೆ ಹತ್ತೊಂಬತ್ತು ವರ್ಷದ ಕೆಲಸಕ್ಕೇ ಮಸಿ. ಹೇಳದಿದ್ದರೆ ಯಾರಿಗೂ ತಿಳಿಯದು. ತರಗತಿಯೊಳಗಿನಿಂದ ಅವಳನ್ನು ಕರೆದರು. ಅವಳು ಗೋಡೆಗೆ ಚಾರ್ಟು ಒತ್ತಿ ಹಿಡಿದು, ಪೆನ್ಸಿಲಿನ ಹದಿನಾರರ ಮೇಲೆ ಪೆನ್ನಿನಲ್ಲಿ ದಪ್ಪಗೆ ಹದಿನಾರೆಂದೇ ತೀಡಿ ಒಳಗೆ ಹೋದಳು.

ಮೊದಲ ಎರಡು ನಿಮಿಷ ಮಾತು ಮುಗ್ಗರಿಸಿತು. ಬ್ಯುರೆಟ್ಟು ಕೈಗೆ ಬಂದದ್ದೇ ತಡ, ನಾಲಿಗೆ ಸಲೀಸಾಯಿತು. ಹನಿ ಹೇಗೆ ಬಿಡಬೇಕು, ಕೊನೆಯ ಹನಿಗೆ ಉಸಿರು ಬಿಗಿಹಿಡಿದು ಹೇಗೆ ಕಾಯಬೇಕು, ಎಲ್ಲವನ್ನೂ ಮಾಡಿ ತೋರಿಸಿದಳು.

"ಈ ಹದಿನಾರು ಯಾಕೆ ಬಂತು?" ಮೇಷ್ಟ್ರು ಕೇಳಿದರು.

"ಫ್ಲಾಸ್ಕಲ್ಲಿ ಸೋಡಾ ಉಳಿದಿತ್ತು ಅನ್ಸುತ್ತೆ, ಸರ್."

"ತೊಳೆದವರು ಯಾರು?"

"ನಾನೇ."

ತರಗತಿ ಗೊಳ್ಳೆಂದಿತು. ಮೇಷ್ಟ್ರು ನಗಲಿಲ್ಲ.

"ಇದು ಗೊತ್ತಿರೋದೋ, ಬರೀ ಅಂದಾಜೋ?"

"ಅಂದಾಜು, ಸರ್. ಗೊತ್ತಾಗ್ಬೇಕಾದ್ರೆ ಒಂದು ಫ್ಲಾಸ್ಕಲ್ಲಿ ಬೇಕಂತ್ಲೇ ಸೋಡಾ ಬಿಟ್ಟು ಇನ್ನೊಂದ್ಸಲ ಮಾಡ್ಬೇಕು."

"ಹಾಗಾದ್ರೆ ಸೋಮವಾರ ಮಾಡಿ ತೋರ್ಸಿ, ಅಟೆಂಡರಮ್ಮ," ಎಂದು ಅವರು ಏನನ್ನೋ ಬರೆದುಕೊಂಡರು.

ಶನಿವಾರ, ಭಾನುವಾರ ಮನೆಯ ಪಾತ್ರೆಗಳೆಲ್ಲ ಎರಡೆರಡು ಸಲ ತೊಳೆಸಿಕೊಂಡವು. ಸೋಮವಾರ ಸೋಡಾ ಬಿಟ್ಟ ಫ್ಲಾಸ್ಕಿನಲ್ಲಿ ಹದಿನೈದೂವರೆ ಎಂಎಲ್ಲಿಗೇ ಗುಲಾಬಿ ಬಣ್ಣ ಬಂತು. ಇಪ್ಪತ್ತಕ್ಕೆ ಹದಿನೆಂಟು ಅಂಕ. ಶುಕ್ರವಾರ ಹದಿಮೂರು ನಿಮಿಷ ಮಾತಾಡಿದ್ದಕ್ಕೆ ಎರಡು ಕಡಿತ.

"ಹತ್ತೇ ನಿಮಿಷ ಅಂತ ಬಡ್ಕೊಂಡಿದ್ದೆ," ಎಂದಳು ಮಗಳು.

"ಸುಮ್ನಿರೆ," ಎಂದ ಅಟೆಂಡರಮ್ಮ ಆಗಲೇ ಚಪ್ಪಲಿ ಮೆಟ್ಟಿದ್ದಳು. ಲ್ಯಾಬಿನಲ್ಲಿ ತಾನೇ ತೊಳೆದಿಟ್ಟ ಉಳಿದ ಫ್ಲಾಸ್ಕುಗಳಲ್ಲೂ ಸೋಡಾ ಉಳಿದಿದ್ದರೆ ಎಂಬ ಯೋಚನೆ ತಲೆಗೆ ಹೊಕ್ಕುಬಿಟ್ಟಿತ್ತು.